ಪ್ಲೈವುಡ್ ಮನುಷ್ಯನಿಗೆ ಗುಡ್ ಮಾರ್ನಿಂಗ್

ನಾನು ಚಿಕ್ಕವನಿದ್ದಾಗ ನಮ್ಮ ಕಾರಿನ ಮುಂದಿನ ಸೀಟು ಅಕ್ಕನದಾಗಿತ್ತು. ನನಗೆ ಹತ್ತು ವರ್ಷ, ಅವಳಿಗೆ ಹದಿನಾರು. ಅಪ್ಪ ಕಾರು ಓಡಿಸುತ್ತಿದ್ದರೆ ಅಕ್ಕ ತೊಡೆಯ ಮೇಲೆ ನಕ್ಷೆ ಹರಡಿಕೊಂಡು ದಾರಿ ಹೇಳುತ್ತಿದ್ದಳು. ನಾನು ಹಿಂದೆ ಕೂತು ಅವಳ ಜಡೆಯ ತುದಿ ನೋಡುತ್ತ ಹೊಟ್ಟೆಕಿಚ್ಚು ಪಡುತ್ತಿದ್ದೆ. ಆ ಸೀಟು ಕೊನೆಗೆ ನನಗೆ ಸಿಕ್ಕಿತು. ಹೇಗೆ ಸಿಕ್ಕಿತು ಅನ್ನುವುದೇ ಈ ಕತೆ. ಕೇಳಿದ ಮೇಲೆ ನಿಮಗೆ ನಿಮ್ಮಜ್ಜನ ಮೇಲೆ ಪ್ರೀತಿಯೇನೂ ಹೆಚ್ಚಾಗುವುದಿಲ್ಲ. ಆದರೆ ನೀವು ಕೇಳಿಬಿಟ್ಟಿದ್ದೀರಿ. ದೊಡ್ಡಜ್ಜಿಯ ಬೀಗದ ಕೈ ಗೊಂಚಲಿನಲ್ಲಿ ತೂಗುವ ಕಪ್ಪು ಕಬ್ಬಿಣದ ಉಂಗುರ ಏನು ಎಂದು ಕಳೆದ ವಾರ ಅವಳನ್ನು ಪೀಡಿಸಿದಿರಂತೆ. ಅವಳು “ನಿಮ್ಮಜ್ಜನ್ನ ಕೇಳಿ” ಅಂದಳಂತೆ. ಆ ದೊಡ್ಡಜ್ಜಿಯೇ ನನ್ನ ಅಕ್ಕ.

ನಾವಾಗ ನ್ಯೂಜರ್ಸಿಯ ಮನ್ರೋದಲ್ಲಿದ್ದೆವು. ಆಲೂಗಡ್ಡೆ ಹೊಲದ ಮೇಲೆ ಸಾಲಾಗಿ ಎದ್ದ ಹೊಸ ಮನೆಗಳಲ್ಲಿ ನಮ್ಮದೊಂದು. ಗೋಡೆಗೆ ಮೂಗು ಹಿಡಿದರೆ ಇನ್ನೂ ಬಣ್ಣದ ವಾಸನೆ, ಮಳೆ ಬಂದರೆ ಹಿತ್ತಲಿನಿಂದ ಹಳೆಯ ಹೊಲದ ವಾಸನೆ. ಕಂಪ್ಯೂಟರ್ ಕೆಲಸ ಗೊತ್ತಿದ್ದವರನ್ನು ಕಂಪನಿಗಳು ಕೈ ಹಿಡಿದು ಕರೆದೊಯ್ಯುತ್ತಿದ್ದ ಕಾಲ ಅದು. ಹಳೆಯ ಕಂಪ್ಯೂಟರುಗಳಲ್ಲಿ ಇಸವಿಗೆ ಕೊನೆಯ ಎರಡೇ ಅಂಕಿ ಬರೆದಿಟ್ಟಿದ್ದರು. ಹೊಸ ಶತಮಾನ ಹುಟ್ಟಿದರೆ ಅವು ತಬ್ಬಿಬ್ಬಾಗುತ್ತವೆ ಎಂದು ಸಾವಿರಾರು ಜನ ಕೂತು ತಿದ್ದುತ್ತಿದ್ದರು. ಅಪ್ಪನೂ ಜರ್ಸಿ ಸಿಟಿಯಲ್ಲಿ, ನದಿ ದಂಡೆಯ ಗಾಜಿನ ಕಟ್ಟಡದೊಳಗೆ ಅದೇ ಕೆಲಸ ಮಾಡುತ್ತಿದ್ದರು. ಕಪ್ಪು ಪರದೆಯ ಹಸಿರು ಅಕ್ಷರ ನೋಡಿ ನೋಡಿ, ಸಂಜೆ ಮನೆಗೆ ಬಂದಾಗ ಅವರ ಕಣ್ಣು ಈರುಳ್ಳಿ ಹೆಚ್ಚಿದವರ ಕಣ್ಣಿನಂತಿರುತ್ತಿತ್ತು. ಸಾಲದ್ದಕ್ಕೆ ನಲವತ್ತು ದಾಟಿ ಚಾಳೀಸು ಬಂದಿತ್ತು. ಪೇಪರನ್ನು ತೋಳುದ್ದ ದೂರ ಹಿಡಿದು ಓದುವರು. ಕನ್ನಡಕ ಮಾಡಿಸಿಕೊಳ್ಳಿ ಎಂದು ಅಮ್ಮ ಹೇಳಿದರೆ “ಕಣ್ಣೇನೂ ಆಗಿಲ್ಲ ಕಣೆ, ಈ ಮನೆ ಲೈಟೇ ಸರಿಯಿಲ್ಲ” ಅನ್ನುವರು.

ಬಂದೂಕಿನ ಮಾತು ಶುರುವಾದದ್ದು ಅಜ್ಜಿಯ ಅವರೆ ಗಿಡದಿಂದ. ಅಪ್ಪನ ಅಮ್ಮ ಈ ಅಜ್ಜಿ; ನನ್ನ ನಾಲಗೆಗೆ ಕನ್ನಡ ಹಚ್ಚಿದವಳು. ಹಿತ್ತಲಿನಲ್ಲಿ ಅವಳು ಅವರೆ, ಬದನೆ ಹಾಕಿದರೆ ಜಿಂಕೆಗಳು ಬಂದು ಕುಡಿಯನ್ನೆಲ್ಲ ಸವರಿ ಹೋಗುತ್ತಿದ್ದವು. “ಊರಲ್ಲಿ ಹಂದಿ ಕಾಟ, ಇಲ್ಲಿ ಇವುಗಳ ಕಾಟ. ನಿಮ್ಮಪ್ಪ ಇದ್ದಿದ್ರೆ ಒಂದನ್ನಾದ್ರೂ ಬಿಡ್ತಿದ್ರೇನೋ?” ಎಂದು ಅಜ್ಜಿ ಅಪ್ಪನನ್ನು ಕೆಣಕುವಳು. ಅವಳ ಗಂಡ, ಅಂದರೆ ಊರಿನ ತಾತ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ರಾಗಿ ಹೊಲಕ್ಕೆ ಅಟ್ಟಣೆ ಕಟ್ಟಿಕೊಂಡು ರಾತ್ರಿಯೆಲ್ಲ ಹಂದಿ ಕಾಯುತ್ತಿದ್ದವರು. ಅಪ್ಪ ಹುಡುಗನಾಗಿದ್ದಾಗ ಆ ಅಟ್ಟಣೆಯ ಮೇಲೆ ತಾತನ ಪಕ್ಕ ಕಂಬಳಿ ಹೊದ್ದು ಕೂತಿದ್ದವರು. ನೆಂಟರು ಬಂದಾಗಲೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: “ತೆನೆ ಅಲ್ಲಾಡಿದ್ರೆ ಸಾಕು, ನಮ್ಮಪ್ಪ ಢಂ ಅನ್ಸೋರು. ಕಣ್ಣಲ್ಲಿ ನೋಡೋ ಅಗತ್ಯಾನೇ ಇರ್ಲಿಲ್ಲ.” ಇದನ್ನು ನೆನಪಿಟ್ಟುಕೊಳ್ಳಿ. ಆ ಹೊತ್ತಿಗೆ ಆ ಹೊಲದಲ್ಲಿ ಹಂದಿಯಲ್ಲದೆ ಬೇರೆ ಯಾವ ಜೀವವೂ ಇರುತ್ತಿರಲಿಲ್ಲ.

ಆಫೀಸಿನಿಂದ ನಿವೃತ್ತರಾದವರೊಬ್ಬರ ಹತ್ತಿರ ಅಪ್ಪ ಒಂದು ರೈಫಲ್ ತೆಗೆದುಕೊಂಡರು. ಹಿಡಿಯ ಕೆಳಗೆ ಬಾಗಿದ ಕಬ್ಬಿಣದ ಬಳೆಯಂಥದ್ದೊಂದು ಲಿವರ್; ಅದನ್ನು ಕೆಳಗೆ ತಳ್ಳಿ ಮೇಲೆ ಎಳೆದರೆ ‘ಚಕ್-ಚಕ್’ ಎಂದು ಮುಂದಿನ ಗುಂಡು ತಾನಾಗಿ ಬಂದು ಕೂರುತ್ತಿತ್ತು. ಗಿಡ್ಡ ನಳಿಕೆ, ಹಗುರ, ಪೊದೆಯೊಳಗೆ ನುಸುಳಲು ಹೇಳಿ ಮಾಡಿಸಿದ್ದು. ನಮ್ಮ ಜರ್ಸಿಯಲ್ಲಿ ರೈಫಲಿನಿಂದ ಜಿಂಕೆ ಹೊಡೆಯುವ ಹಾಗಿರಲಿಲ್ಲ. ಅದಕ್ಕೆ ನ್ಯೂಯಾರ್ಕಿನ ಬೆಟ್ಟಗಳಿಗೇ ಹೋಗಬೇಕು. ಲೈಸೆನ್ಸಿಗೆ ಮೊದಲು ಒಂದು ಕ್ಲಾಸು, ಪರೀಕ್ಷೆ. ನಾನೂ ಬರುತ್ತೇನೆ ಎಂದು ಅಕ್ಕ ಹಟ ಹಿಡಿದು ಅಪ್ಪನ ಜೊತೆ ಹೋದಳು. ಅವಳು ಮೊದಲ ಸಲಕ್ಕೇ ಪಾಸು. ಅಪ್ಪ ಎರಡನೇ ಸಲಕ್ಕೆ. ಕ್ಲಾಸಿನಲ್ಲಿ ನಿದ್ದೆ ಮಾಡಿದರು ಎಂದು ಅಕ್ಕ ಮನೆಯವರೆದುರು ಆಡಿಕೊಂಡಳು. ಅಪ್ಪನೂ ನಕ್ಕರು. ಅಲ್ಲಿ ಕಲಿತ ಒಂದು ಮಾತನ್ನು ಅಕ್ಕ ಹಲ್ಲುಜ್ಜುವಾಗಲೂ ಹೇಳುತ್ತಿದ್ದಳು: ಎದುರಿಗಿರುವುದು ಏನು ಅಂತ ಗೊತ್ತಾಗೋವರೆಗೂ ಬೆರಳು ಟ್ರಿಗರ್ ಮುಟ್ಟಬಾರದು.

ಗುರಿ ಕಲಿಯುವ ಮೈದಾನದಲ್ಲಿ ಅಪ್ಪನ ಚಾಳೀಸು ಬಯಲಾಯಿತು. ಆ ರೈಫಲಿನಲ್ಲಿ ಗುರಿ ನೋಡಲು ಹಿಂದೆ ಒಂದು ಸಣ್ಣ ಕಚ್ಚು, ನಳಿಕೆಯ ತುದಿಯಲ್ಲಿ ಒಂದು ಪುಟ್ಟ ಮಣಿ; ಇದಕ್ಕೆ ಸೈಟ್ ಅನ್ನುತ್ತಾರೆ. ಕಚ್ಚಿನ ನಡುವೆ ಮಣಿಯನ್ನು ಕೂರಿಸಿ, ಆ ಮಣಿಯನ್ನು ಗುರಿಯ ಮೇಲೆ ಕೂರಿಸಬೇಕು. ಹತ್ತಿರದ ಕಚ್ಚು ಅಪ್ಪನಿಗೆ ಬರೀ ಹೊಗೆಯಂತೆ ಕಾಣುತ್ತಿತ್ತು. ಅಕ್ಕನೋ, ನಿಲ್ಲಿಸಿದ ಡಬ್ಬಗಳನ್ನೆಲ್ಲ ಒಂದೊಂದಾಗಿ ಉರುಳಿಸಿದಳು. ಅವತ್ತು ಕಾರಿನಲ್ಲಿ ಅಪ್ಪ ತಾವಾಗಿಯೇ ಹೇಳಿದರು: “ಆಯ್ತು ಕಣಮ್ಮ. ಈ ವರ್ಷ ಬಂದೂಕು ನಿಂದೇ. ನಿನ್ನ ಕಣ್ಣಿಗೆ ಸರಿಹೋಗೋ ಸೈಟ್ ಹಾಕಿಸ್ಕೊಂಡು ಬರೋಣ. ನವೆಂಬರಲ್ಲಿ ಕಾಡಿಗೆ ಹೋದಾಗ ನೀನು ಮುಂದೆ, ನಾನು ಹಿಂದೆ.” ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಕ್ಕ ನವೆಂಬರಿನಲ್ಲಿ ಬೇಟೆ ಶುರುವಾಗುವ ದಿನಕ್ಕೆ ಕೆಂಪು ಪೆನ್ನಿನಿಂದ ಎರಡು ಸುತ್ತು ಹಾಕಿದಳು.

ಆಯುಧಪೂಜೆಗೆ ಅಜ್ಜಿ ರೈಫಲನ್ನೂ ದೇವರ ಮುಂದಿಟ್ಟು, ಅದರ ಮರದ ಹಿಡಿಗೆ ಗಂಧ ಹಚ್ಚಿ ಕುಂಕುಮದ ಬೊಟ್ಟಿಟ್ಟಳು. ಅದಾದ ಎರಡನೇ ಶನಿವಾರ ನಾವು ಮೂವರೂ ಸೈಟ್ ಹಾಕಿಸಲು ಹೊರಟೆವು.

ಆ ಬೆಳಗ್ಗೆ ಈಗಲೂ ನನ್ನ ಮೂಗಿನಲ್ಲಿದೆ. ಅಜ್ಜಿ ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ವಾಸನೆ ಕಾರಿನ ತುಂಬ. ಕಿಟಕಿಯ ಗಾಜು ಮಂಜಾಗಿತ್ತು. ನಾನು ಬೆರಳಿನಿಂದ ಜಿಂಕೆ ಬರೆದೆ. ಉತ್ತರಕ್ಕೆ ಹೋದಂತೆ ಮರಗಳೆಲ್ಲ ಕೆಂಪು, ಕಿತ್ತಳೆ, ತಾಮ್ರ. ಅಕ್ಕ ನಕ್ಷೆ ಮಡಿಸುತ್ತ “ಅಪ್ಪಾ, ನೆಕ್ಸ್ಟ್ ಎಕ್ಸಿಟ್. ಎಕ್ಸಿಟ್! ಅಯ್ಯೋ, ಲೇನ್ ಚೇಂಜ್ ಮಾಡಿ” ಎಂದು ಕೂಗಿದರೆ ಅಪ್ಪ “ಮಾಡ್ತೀನಿ ತಾಯಿ, ನೀನೇ ಓಡ್ಸು ಬೇಕಾದ್ರೆ” ಅನ್ನುವರು. ಇಬ್ಬರೂ ನಗುವರು. ಅಂಥ ನಗು ಮತ್ತೆ ಆ ಕಾರಿನಲ್ಲಿ ನಾನು ಕೇಳಲಿಲ್ಲ.

ಅಂಗಡಿ ಇದ್ದದ್ದು ಬೆಟ್ಟದ ಬುಡದ ಒಂದು ಸಣ್ಣ ಊರಿನಲ್ಲಿ. ಒಂದು ಕಾಲಕ್ಕೆ ಹಸು ಕಟ್ಟುತ್ತಿದ್ದ ಕೊಟ್ಟಿಗೆ ಅದು. ಒಳಗೆ ಸೌದೆ ಒಲೆಯ ಹೊಗೆ, ಬಂದೂಕಿನ ಎಣ್ಣೆ, ಕುದಿದು ಕುದಿದು ಕಹಿಯಾದ ಕಾಫಿ, ಎಲ್ಲ ಸೇರಿ ಒಂದು ಗಾಢ ವಾಸನೆ. ಅಂಗಡಿಯ ಮುದುಕ ಎತ್ತರದ ಆಳು, ಎಡಗಾಲು ಎಳೆದುಕೊಂಡು ಕೋಲೂರಿ ನಡೆಯುತ್ತಿದ್ದ. ಅವನ ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ರೈಫಲನ್ನು ಕೈಗೆ ತೆಗೆದುಕೊಂಡವನೇ ಕೆಂಪು ಬೊಟ್ಟು ನೋಡಿ “ಇದೇನು, ರಕ್ತವೇ?” ಎಂದ.

“ಪೂಜೆ ಮಾಡಿದ್ದು. ದಯವಿಟ್ಟು ಒರೆಸಬೇಡಿ” ಅಂದರು ಅಪ್ಪ.

“ನಾನು ಯಾರ ದೇವರನ್ನೂ ಒರೆಸುವುದಿಲ್ಲ” ಎಂದು ಮುದುಕ ಅದನ್ನು ಹಸಿರು ಬಟ್ಟೆಯ ಮೇಲೆ ಮೆಲ್ಲಗೆ ಮಲಗಿಸಿದ.

ಆಮೇಲೆ ಎರಡು ಸಾಮಾನು ತಂದು ಪಕ್ಕದಲ್ಲಿಟ್ಟ. ಒಂದು ದುರ್ಬೀನಿನಂಥ ಉದ್ದ ಕೊಳವೆ, ಸ್ಕೋಪು. ಇನ್ನೊಂದು, ಹಿಂದಿನ ಕಚ್ಚಿನ ಬದಲು ಕೂರಿಸುವ, ನಿಮ್ಮ ಕಿರುಬೆರಳಿಗೂ ಹಿಡಿಸದ ಕಪ್ಪು ಕಬ್ಬಿಣದ ಉಂಗುರ. “ಬಯಲಿನಲ್ಲಿ ದೂರದ್ದನ್ನು ಹೊಡೆಯುವವನಿಗೆ ಸ್ಕೋಪು. ಇಲ್ಲಿನ ಕಾಡು ಬಯಲಲ್ಲ. ಚರ್ಮದಂಥ ಎಲೆಯ ಪೊದೆಗಳು ಎದೆಮಟ್ಟ ಹೆಣೆದುಕೊಂಡಿವೆ. ಜಿಂಕೆ ಕಂಡರೆ ಮೂವತ್ತು ಹೆಜ್ಜೆಯೊಳಗೆ, ಎರಡು ಉಸಿರಿನ ಹೊತ್ತು. ಸ್ಕೋಪು ಹತ್ತಿರದ್ದನ್ನು ಇನ್ನಷ್ಟು ಹತ್ತಿರ ತಂದು ಕಣ್ಣಿಗೆ ತುರುಕುತ್ತದೆ. ಆಗ ಏನನ್ನು ನೋಡುತ್ತಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಉಂಗುರವಾದರೆ ಎರಡೂ ಕಣ್ಣು ತೆರೆದಿರಬಹುದು. ಅದರೊಳಗಿಂದ ಮಣಿಯನ್ನು ನೋಡಿದರಾಯಿತು, ಉಂಗುರವನ್ನೇ ಮರೆತುಬಿಡಬಹುದು.” ಎಂದು ಉಂಗುರವನ್ನು ಅಕ್ಕನ ಅಂಗೈಗಿಟ್ಟ. ಅಕ್ಕ ಅದನ್ನು ಕಣ್ಣಿಗೆ ಹಿಡಿದು ಅಂಗಡಿಯನ್ನೆಲ್ಲ ನೋಡಿ, ಕೊನೆಗೆ ನನ್ನನ್ನು ನೋಡಿ, ನಾಲಗೆ ಚಾಚಿದಳು.

ಅಷ್ಟರಲ್ಲಿ ಅಪ್ಪ ಸ್ಕೋಪನ್ನು ಎತ್ತಿ ಕಿಟಕಿಯಾಚೆ ನೋಡಿಬಿಟ್ಟಿದ್ದರು. ರಸ್ತೆಯ ಆಚೆ ಬದಿಯ ಟಪ್ಪಾಲು ಡಬ್ಬಿಯ ಮೇಲಿನ ನಂಬರನ್ನು ಗಟ್ಟಿಯಾಗಿ ಓದಿದರು. ಬೇಲಿಯ ಮೇಲೆ ಕೂತ ಹಕ್ಕಿಯ ಕೊಕ್ಕು ಹಳದಿ ಅಂದರು. ಸ್ಕೋಪು ಇಳಿಸಿದಾಗ ಅವರ ಮುಖ ನೋಡಬೇಕಿತ್ತು. ಕಳೆದುಹೋದದ್ದು ಜೇಬಿನಲ್ಲೇ ಸಿಕ್ಕಿದವರ ಮುಖ. “ನಂಗೆ ಎಲ್ಲಾ ಕಾಣ್ತಿದೆ ಕಣ್ರೋ” ಅಂದರು. ಆ ಕ್ಷಣದಲ್ಲಿ ಅಕ್ಕನ ನಗು ಸ್ವಲ್ಪ ಸಣ್ಣದಾಯಿತು. ಅಪ್ಪನ ಕಣ್ಣು ಸರಿಯಿಲ್ಲದ್ದರಿಂದಲೇ ತಾನೇ ಬಂದೂಕು ಅವಳಿಗೆ ಬಂದದ್ದು?

ಮುದುಕ ಇಬ್ಬರನ್ನೂ ನೋಡಿದ. ಅವನದೊಂದು ಪದ್ಧತಿಯಿತ್ತು. ಹಿತ್ತಲಿನ ಕಾಡಿನಲ್ಲಿ ನಡೆಸದೆ ಅವನು ಯಾರಿಗೂ ಸೈಟ್ ಕೊಡುತ್ತಿರಲಿಲ್ಲ. ಅಂಗಡಿಯ ಹಿಂದಿನ ಪೊದೆಗಳೊಳಗೆ ಒಂದು ಕಾಲುದಾರಿ. ಅದರ ಇಕ್ಕೆಲದಲ್ಲಿ ಪ್ಲೈವುಡ್ಡಿನಲ್ಲಿ ಕೊಯ್ದು ಬಣ್ಣ ಬಳಿದ ಜಿಂಕೆಗಳನ್ನು ಅಡಗಿಸಿಟ್ಟಿದ್ದ. ನಮ್ಮ ರೈಫಲಿನಂಥವೇ ಎರಡು ರೈಫಲು, ಗುಂಡು ಸಿಡಿಸುವ ಮೊಳೆ ಕಿತ್ತುಹಾಕಿದಂಥವು, ಅವನ ಹತ್ತಿರ ಇದ್ದವು. ಒಂದಕ್ಕೆ ಸ್ಕೋಪು, ಒಂದಕ್ಕೆ ಉಂಗುರ. ಟ್ರಿಗರ್ ಎಳೆದರೆ ಬರೀ ‘ಟಕ್’. ಒಬ್ಬೊಬ್ಬರಾಗಿ ನಡೆದು, ಕಂಡದ್ದಕ್ಕೆ ಗುರಿಯಿಟ್ಟು ಟಕ್ ಅನ್ನಿಸಬೇಕು. ಲೆಕ್ಕ ಹಿಡಿಯಲು ಹಿಂದೆ ಒಬ್ಬರು. ಕಾಲು ನೋವಿನ ಮುದುಕ ಆ ಕೆಲಸವನ್ನು ನನಗೆ ಕೊಟ್ಟ. ಒಂದು ರಟ್ಟಿನ ತುಂಡಿನ ಮೇಲೆ ಎರಡು ಅಂಕಣ ಮಾಡಿ, ಬಡಗಿಯ ದಪ್ಪ ಪೆನ್ಸಿಲ್ ಕೈಗಿತ್ತು, ನನ್ನನ್ನು ಒಂದು ಮೂಲೆಗೆ ಕರೆದು ಕಿವಿಯಲ್ಲಿ ಹೇಳಿದ: “ಜಿಂಕೆಗೆ ಹೊಡೆದರೆ ಒಂದು ಗೆರೆ. ಅಲ್ಲಿ ಕಂದು ಕೋಟು ಹಾಕಿಕೊಂಡ ಒಬ್ಬ ಮನುಷ್ಯನೂ ಇದ್ದಾನೆ, ಅವನೂ ಹಲಗೆಯವನೇ. ಅವನಿಗೆ ಹೊಡೆದರೆ ಇಂಟು ಮಾರ್ಕು. ಯಾರಿಗೂ ಹೇಳಬೇಡ. ಅವನಿಗೆ ಹೊಡೆದವರು ಈ ವರ್ಷ ಬಂದೂಕು ಹಿಡಿದು ಕಾಡಿಗೆ ಹೋಗುವ ಹಾಗಿಲ್ಲ. ಅದು ನನ್ನ ಅಂಗಡಿಯ ಕಾನೂನು.” ಆಮೇಲೆ ತನ್ನ ಎಡಗಾಲನ್ನು ಕೋಲಿನಿಂದ ತಟ್ಟಿ, “ಇದು ಪೊದೆಯಲ್ಲಿ ಕಂದು ಕಂಡವನೊಬ್ಬನ ಕೆಲಸ” ಎಂದ.

ಅಷ್ಟು ದೊಡ್ಡ ಗುಟ್ಟನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಎದೆಯುಬ್ಬಿಸಿಕೊಂಡು ಹೊರಟೆ.

ಮೊದಲು ಅಪ್ಪ, ಸ್ಕೋಪಿನ ರೈಫಲಿನೊಂದಿಗೆ. ಅಕ್ಕ ಅಂಗಡಿಯಲ್ಲೇ ಉಳಿದಳು. ಪೊದೆಯೊಳಗೆ ಹೋಗುತ್ತಲೇ ಹೊರಗಿನ ಬಿಸಿಲು ನಿಂತುಹೋಯಿತು. ಒದ್ದೆ ಎಲೆ, ಅಣಬೆ, ಪೈನ್ ಮರದಂಥ ಮರಗಳ ಅಂಟಿನ ವಾಸನೆ. ಪೊದೆಯ ಎಲೆ ನನ್ನ ಕೆನ್ನೆಗೆ ತಣ್ಣಗೆ ಬಡಿಯುತ್ತಿತ್ತು. ಅಪ್ಪ ಮೈ ಬಗ್ಗಿಸಿ ಬೆಕ್ಕಿನ ಹಾಗೆ ನಡೆದರು. ಜರ್ಸಿ ಸಿಟಿಯ ರೈಲು ಹಿಡಿಯಲು ಓಡುವ ಅಪ್ಪ ಅವರಾಗಿರಲಿಲ್ಲ. ಆದರೆ ಮೊದಲ ಜಿಂಕೆ ಹದಿನೈದೇ ಹೆಜ್ಜೆಯಲ್ಲಿತ್ತು. ಅಪ್ಪ ಸ್ಕೋಪಿ‌ಗೆ ಕಣ್ಣು ಹಚ್ಚಿ ಆಚೀಚೆ ಹುಡುಕಿದರು, ಹುಡುಕಿದರು. ಅದರೊಳಗೆ ಅವರಿಗೆ ಬರೀ ಎಲೆ. ಬೈದುಕೊಂಡು ಮುಂದೆ ಹೋದರು. ಎರಡನೆಯದು, ಮೂರನೆಯದು ದೂರ ಇದ್ದವು, ಟಕ್, ಟಕ್. ನಾಲ್ಕನೆಯದು ಕಾಣಲೇ ಇಲ್ಲ. ಐದನೆಯದು ಟಕ್.

ದಾರಿ ತಿರುಗುವಲ್ಲಿ ಗಾಳಿಗೆ ಒಂದು ಕೊಂಬೆ ಅಲ್ಲಾಡಿತು. ಅದರ ಹಿಂದೆ ಕಂದು. ಅಪ್ಪ ರೈಫಲ್ ಎತ್ತಿದರು. ಕಣ್ಣು ಹಚ್ಚಿದ್ದೇ ತಡ, ಟಕ್. ತೆನೆ ಅಲ್ಲಾಡಿದರೆ ಸಾಕು ಅನ್ನುತ್ತಿದ್ದರಲ್ಲ, ಅಷ್ಟೇ ಬೇಗ. “ಬಿತ್ತು ನೋಡೋ!” ಎಂದು ಕೊಂಬೆ ಸರಿಸಿಕೊಂಡು ಹೋದರು.

ಹಲಗೆಯ ಮನುಷ್ಯ ನಿಂತಿದ್ದ. ಕಂದು ಕೋಟು, ನೀಲಿ ಕಣ್ಣು, ಯಾರೋ ಪ್ರೀತಿಯಿಂದ ಬರೆದ ಒಂದು ಮೀಸೆ. ಅಪ್ಪ ಅವನ ಎದೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗದೆಯೇ, “ಹೊಲದಲ್ಲಿ ಆ ಹೊತ್ನಲ್ಲಿ ಮನುಷ್ಯ ಯಾಕಿರ್ತಾನೆ?” ಅಂದರು. ನಾವು ಹೊಲದಲ್ಲಿರಲಿಲ್ಲ. ನಾನು ಮರದ ಮರೆಯಲ್ಲಿ ನಿಂತು, ಎಡಗಡೆಯ ಅಂಕಣದಲ್ಲಿ ಮೂರು ಗೆರೆಯ ಕೆಳಗೆ ಒಂದು ಇಂಟು ಮಾರ್ಕು ಹಾಕಿದೆ. ಆಗ ನಾನು ಪ್ರಾಮಾಣಿಕನಾಗಿಯೇ ಇದ್ದೆ.

ಆಮೇಲೆ ಅಕ್ಕ, ಉಂಗುರದ ರೈಫಲಿನೊಂದಿಗೆ. ಅವಳು ನಿಧಾನ. ನಾಲ್ಕು ಹೆಜ್ಜೆ, ನಿಂತು ನೋಡುವುದು, ಮತ್ತೆ ನಾಲ್ಕು ಹೆಜ್ಜೆ. ಹದಿನೈದು ಹೆಜ್ಜೆಯ ಜಿಂಕೆ, ಟಕ್. ಅಪ್ಪನಿಗೆ ಕಾಣದ ನಾಲ್ಕನೆಯದು ಉರುಳಿದ ಮರದ ಹಿಂದೆ ಮಲಗಿತ್ತು; ಅದರ ಒಂದು ಕಿವಿಯನ್ನು ನೋಡಿ, ಸುತ್ತು ಹಾಕಿ ಹೋಗಿ ಮೈಯೆಲ್ಲ ನೋಡಿಯೇ ಟಕ್ ಅನ್ನಿಸಿದಳು. ಐದಕ್ಕೆ ಐದು. ತಿರುವಿನಲ್ಲಿ ಕೊಂಬೆ ಅಲ್ಲಾಡಿತು. ಅಕ್ಕ ರೈಫಲ್ ಎತ್ತಿದಳು, ನೋಡಿದಳು, ತಕ್ಷಣ ನೆಲಕ್ಕೆ ಇಳಿಸಿದಳು. ಬೆರಳು ಟ್ರಿಗರಿನ ಹತ್ತಿರವೂ ಹೋಗಿರಲಿಲ್ಲ.

“ಓ, ಸಾರಿ!” ಅಂದಳು ಇಂಗ್ಲಿಷಿನಲ್ಲಿ. “ಗುಡ್ ಮಾರ್ನಿಂಗ್, ಸರ್!”

ಸರ್ ಉತ್ತರ ಕೊಡಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ನೋಡಿದ ಅಕ್ಕ ಅಲ್ಲೇ ಕುಸಿದು ಕೂತು ನಕ್ಕಳು. ನಾನೂ ನಕ್ಕೆ. “ಅಯ್ಯೋ, ಪ್ಲೈವುಡ್‌ಗೆ ನಮಸ್ಕಾರ ಹೊಡ್ದೆ ಕಣೋ! ಅಪ್ಪಂಗೆ ಹೇಳ್ಬೇಡ, ವರ್ಷ ಪೂರ್ತಿ ರೇಗಿಸ್ತಾರೆ.” ಅವಳ ಕೂದಲಿಗೆ ಕೆಂಪೆಲೆಯೊಂದು ಸಿಕ್ಕಿಕೊಂಡಿತ್ತು. ಆ ಎಲೆ ನನಗೆ ಈಗಲೂ ಕಾಣುತ್ತದೆ.

ಮುದುಕ ಹಿಂದಿನ ಜಗಲಿಯ ಮೇಲೆ ಕೂತಿದ್ದ. ನನ್ನಿಂದ ರಟ್ಟು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಒಂದು ಅಂಕಣದಲ್ಲಿ ಮೂರು ಗೆರೆ, ಒಂದು ಇಂಟು. ಇನ್ನೊಂದರಲ್ಲಿ ಐದು ಗೆರೆ. ಮೇಲೆ ಹೆಸರು ಬರೆಯುವುದನ್ನು ನಾನು ಮರೆತಿದ್ದೆ.

“ಇದರಲ್ಲಿ ಯಾವುದು ಯಾರದು, ಮರಿ?” ಎಂದು ಕೇಳಿದ.

ಅಪ್ಪ ನನ್ನ ಹಿಂದೆ ನಿಂತಿದ್ದರು. ಅವರ ಕೈ ನನ್ನ ಹೆಗಲ ಮೇಲಿತ್ತು, ಬಿಸಿಯಾಗಿ, ಸ್ವಲ್ಪ ನಡುಗುತ್ತ. ಅವರು ಹೆಗಲನ್ನು ಒತ್ತಲಿಲ್ಲ, ಮಕ್ಕಳೇ. ಸುಳ್ಳು ಹೇಳು ಎಂದು ಅವರು ನನಗೆ ಹೇಳಲಿಲ್ಲ. ಆ ನಡುಕ ನನಗೆ ತಡೆಯಲಾಗಲಿಲ್ಲ, ಅದು ನಿಜ. ಅಕ್ಕನಿಗೆ ಮುಂದಿನ ಸೀಟೂ ಇದೆ, ಈಗ ಬಂದೂಕೂ ಸಿಗುತ್ತದಲ್ಲ ಎಂದು ನನಗನ್ನಿಸಿದ್ದೂ ನಿಜ. ಇಷ್ಟು ವರ್ಷ ಎರಡನ್ನೂ ಅಳೆದು ನೋಡಿದ್ದೇನೆ, ಯಾವುದು ಹೆಚ್ಚು ತೂಗಿತು ಎಂದು ಗೊತ್ತಾಗಿಲ್ಲ.

ನಾನು ಐದು ಗೆರೆಯ ಅಂಕಣದ ಮೇಲೆ ಬೆರಳಿಟ್ಟೆ. “ಇದು ಅಪ್ಪಂದು.”

ಅಕ್ಕ ನಕ್ಕಳು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. “ಏಯ್, ತಲೆಕೆಳಗಾಗಿ ನೋಡ್ತಿದೀಯ ಕಣೋ, ಸರಿಯಾಗಿ ನೋಡು.” ನಾನು ಬೆರಳು ತೆಗೆಯಲಿಲ್ಲ. “ಹೇಳೋ! ನಾನು ಅವ್ನಿಗೆ ಗುಡ್ ಮಾರ್ನಿಂಗ್ ಅಂದೆ ತಾನೇ? ಹೇಳೋ ಇವ್ರಿಗೆ!” ಅವಳ ದನಿ ಮೇಲೇರಿತು. ನಾನು ಪೆನ್ಸಿಲಿನ ಮೊನೆ ನೋಡುತ್ತ ನಿಂತೆ.

ಮುದುಕ ರಟ್ಟನ್ನು ನೋಡಿದ, ಅಕ್ಕನನ್ನು ನೋಡಿದ. “ಈ ಪೊದೆಯಲ್ಲಿ ಸ್ಕೋಪಿಗೆ ಐದು, ಉಂಗುರಕ್ಕೆ ಮೂರು. ಇಷ್ಟು ವರ್ಷದಲ್ಲಿ ನಾನಿದನ್ನು ನೋಡಿಲ್ಲ” ಎಂದ. ಆಮೇಲೆ ತಲೆಯೆತ್ತಿ ಅಪ್ಪನನ್ನೇ ಕೇಳಿದ: “ನಿಜವೇ?”

ಒಲೆಯೊಳಗೆ ಸೌದೆಯೊಂದು ಸಿಡಿದ ಸದ್ದು ಕೇಳಿಸಿತು.

“ನನ್ನ ಮಗ ಸುಳ್ಳು ಹೇಳುವುದಿಲ್ಲ” ಅಂದರು ಅಪ್ಪ.

ಅಕ್ಕ ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದಳು. ಒಂದೇ ಸಲ, ಹಲಗೆಯ ಮನುಷ್ಯನನ್ನು ನೋಡಿದ ಹಾಗೆಯೇ, ಇದು ಯಾರು ಎಂದು ಗೊತ್ತಾಗುವವರೆಗೂ. ಆಮೇಲೆ ಮೆಟ್ಟಿಲಿಳಿದು ಹೋಗಿ ಕಾರಿನ ಹಿಂದಿನ ಬಾಗಿಲು ತೆರೆದು ಕೂತಳು.

“ಹಾಗಾದರೆ ಈ ವರ್ಷ ಹುಡುಗಿಗೆ ಬಂದೂಕು ಬೇಡ” ಎಂದ ಮುದುಕ, ಮೆಲ್ಲಗೆ. ನಮ್ಮ ರೈಫಲಿಗೆ ಸ್ಕೋಪು ಕೂರಿಸಿದ. ಒಂದೊಂದು ತಿರುಪನ್ನೂ ಉಸಿರು ಬಿಗಿಹಿಡಿದು ತಿರುಗಿಸಿದ. ಕುಂಕುಮದ ಬೊಟ್ಟಿಗೆ ಕೈ ತಾಗದಂತೆ ಕೊನೆಯವರೆಗೂ ನೋಡಿಕೊಂಡ. ಅಪ್ಪ ಡಿಕ್ಕಿಯಲ್ಲಿ ರೈಫಲ್ ಇಡುತ್ತಿದ್ದಾಗ ಅವನು ಕೋಲೂರಿಕೊಂಡು ಕಾರಿನ ಹತ್ತಿರ ಬಂದು ಹಿಂದಿನ ಕಿಟಕಿ ತಟ್ಟಿದ. ಅಕ್ಕ ಗಾಜಿಳಿಸಿದಳು. ಅವಳ ಅಂಗೈಗೆ ಆ ಉಂಗುರವನ್ನಿಟ್ಟು, “ನಿನ್ನ ಕಣ್ಣು ಚೆನ್ನಾಗಿದೆ, ಮಗಳೇ” ಎಂದ. ಅಷ್ಟೇ. ಅವನಿಗೆ ಗೊತ್ತಾಗಿತ್ತು. ಗೊತ್ತಾಗಿಯೂ, ಒಬ್ಬ ಅಪ್ಪನ ಮಾತನ್ನು ಮಕ್ಕಳೆದುರಿಗೆ ಸುಳ್ಳು ಅನ್ನಲು ಹೋಗಲಿಲ್ಲ. ಒಟ್ಟಿನಲ್ಲಿ ಅವತ್ತು ಅಲ್ಲಿ ನಾವು ಮೂರು ಜನ ಗಂಡಸರು, ಮೂವರಿಗೂ ನಿಜ ಗೊತ್ತಿತ್ತು.

ಮುಂದಿನ ಸೀಟು ನನಗೆ ಸಿಕ್ಕಿತು. ತೊಡೆಯ ಮೇಲೆ ನಕ್ಷೆಯೂ ಇತ್ತು, ಆದರೆ ನನಗೆ ಅದನ್ನು ಓದಲು ಬರುತ್ತಿರಲಿಲ್ಲ. ಅಪ್ಪ ಎಕ್ಸಿಟ್ ತಪ್ಪಿಸಿಕೊಂಡರು. ದಾರಿ ಗೊತ್ತಿದ್ದವಳು ಹಿಂದೆ ಕೂತಿದ್ದಳು, ಬಾಯಿ ಬಿಡಲಿಲ್ಲ. ಅಪ್ಪನೂ ಅವಳನ್ನು ಕೇಳಲಿಲ್ಲ. ಗೊತ್ತಿಲ್ಲದ ಊರುಗಳ ನಡುವೆ ಸುತ್ತಿ ಸುತ್ತಿ ಮನೆ ಸೇರಿದೆವು. ಡಬ್ಬಿಯಲ್ಲಿ ರೊಟ್ಟಿ ಹಾಗೇ ಇತ್ತು.

ವಿಷಯ ತಿಳಿದು ಅಜ್ಜಿ ಅಕ್ಕನ ತಲೆ ಸವರಿ, “ಹೋಗ್ಲಿ ಬಿಡು ತಾಯಿ, ಹೆಣ್ಮಗೀಗ್ಯಾಕೆ ಕೋವಿ” ಅಂದಳು. ಅಕ್ಕ ಮಹಡಿ ಹತ್ತಿದಳು. ಮರುದಿನ ನೋಡಿದರೆ, ಕ್ಯಾಲೆಂಡರಿನಲ್ಲಿ ನವೆಂಬರಿನ ಹಾಳೆಯೇ ಇರಲಿಲ್ಲ. ಅಕ್ಟೋಬರಿನ ಹಿಂದೆ ನೇರವಾಗಿ ಡಿಸೆಂಬರು.

ನವೆಂಬರಿನಲ್ಲಿ ಅಪ್ಪ ಒಬ್ಬರೇ ಮೂರು ಸಲ ಕಾಡಿಗೆ ಹೋದರು. ಮೂರು ಸಲವೂ ಬರಿಗೈಯಲ್ಲಿ ಬಂದು “ಒಂದೂ ಕಣ್ಣಿಗೆ ಬೀಳ್ಲಿಲ್ಲ” ಅಂದರು. ಕ್ರಿಸ್‌ಮಸ್ ರಜೆಯಲ್ಲಿ ನಾನು ಅವರ ಬೀರು ತೆಗೆದಾಗ ಬೇಟೆಗೆಂದು ಕೊಂಡ ಗುಂಡಿನ ಡಬ್ಬಿ ಸಿಕ್ಕಿತು. ಅಂಗಡಿಯವರು ಅಂಟಿಸಿದ ಟೇಪು ಹಾಗೇ ಇತ್ತು. ಅಪ್ಪ ಖಾಲಿ ಬಂದೂಕು ಹೊತ್ತು ಹೋಗಿ ಖಾಲಿ ಬಂದೂಕು ಹೊತ್ತು ಬಂದಿದ್ದರು. ತಮ್ಮ ಕಣ್ಣನ್ನು ಅವರು ನಂಬಲಿಲ್ಲ. ಅದನ್ನು ಅಕ್ಕನಿಗೆ ಹೇಳಲೂ ಇಲ್ಲ. ಮರು ವರ್ಷ ಬಂದೂಕಿನ ಮಾತು ಯಾರೂ ಎತ್ತಲಿಲ್ಲ. ಅದರ ಮರು ವರ್ಷ ಅಕ್ಕ ಕಾಲೇಜಿಗೆ ಹೋದಳು. ರಜೆಗೆ ಬಂದರೆ ಅಪ್ಪನ ಜೊತೆ ಊಟಕ್ಕೆ ಕೂರುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು, ಇಂಗ್ಲಿಷಿನಲ್ಲಿ.

ಅಪ್ಪ ತೀರಿಹೋಗಿ ಎಷ್ಟೋ ವರ್ಷದ ಮೇಲೆ ನಾನು ಫ್ಲೋರಲ್ ಪಾರ್ಕ್ ಎಂಬ ಊರಿನ ಅವಳ ಮನೆಯಲ್ಲಿ, ಅಡುಗೆಮನೆಯ ಮೇಜಿಗೆ ಕೂತು ಅವರೆಕಾಯಿ ಬಿಡಿಸುತ್ತ, ಅವತ್ತು ಸುಳ್ಳು ಹೇಳಿದೆ ಅಕ್ಕಾ ಎಂದು ಶುರುಮಾಡಿದೆ. ಅವಳ ಕೈ ನಿಲ್ಲಲಿಲ್ಲ. “ಅವತ್ತು ಮುದುಕ ಕೇಳ್ದಾಗ ಹೇಳ್ಬೇಕಿತ್ತು ಕಣೋ. ಈಗ ಹೇಳಿದ್ರೆ ಯಾರು ಕೇಳಿಸ್ಕೋಬೇಕು? ಅಪ್ಪ ಇಲ್ಲ, ಮುದುಕ ಇಲ್ಲ.” ಎಂದು ಇನ್ನೊಂದು ಕಾಯಿ ಬಿಡಿಸಿದಳು. “ಕಾಳು ಈ ಪಾತ್ರೆಗೆ ಹಾಕು, ಸಿಪ್ಪೆ ಅದಕ್ಕೆ.”

ಇಷ್ಟೇ ಕತೆ. ನಿಮ್ಮ ಲೋಕ ಬೇರೆ, ಮಕ್ಕಳೇ. ಕಾರು ತಾನೇ ದಾರಿ ಹೇಳುತ್ತದೆ, ಮುಂದಿನ ಸೀಟಿಗೆ ಜಗಳವೇ ಇಲ್ಲ. ಹಿತ್ತಲಿಗೆ ಬಂದ ಜಿಂಕೆಯನ್ನು ಬಾಗಿಲ ಮೇಲಿನ ಕ್ಯಾಮೆರಾ ಹಿಡಿದು ನಿಮ್ಮ ಫೋನಿಗೆ ಕಳಿಸುತ್ತದೆ. ಹೋದ ಭಾನುವಾರ ಸಾಕರ್ ಆಡುವಾಗ ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ನೀವಿಬ್ಬರೂ ಕಿತ್ತಾಡಿದಿರಿ. ಪಕ್ಕದಲ್ಲೇ ಕೂತು ಕಣ್ಣಾರೆ ನೋಡಿದ್ದ ನಾನಿದ್ದೆ. ನನ್ನ ಕಡೆ ತಿರುಗದೆಯೇ ನೀವು ವಿಡಿಯೋ ಹಿಂದಕ್ಕೆ ಓಡಿಸಿ ನೋಡಿಕೊಂಡು, ಎರಡೇ ನಿಮಿಷದಲ್ಲಿ ರಾಜಿಯಾದಿರಿ. ನಿಮ್ಮ ಕಾಲದಲ್ಲಿ ಯಾರೂ ಒಬ್ಬ ಹುಡುಗನ ಮುಂದೆ ರಟ್ಟು ಹಿಡಿದು, ನಿಜ ಏನು, ನೀನೇ ಹೇಳು ಎಂದು ಕೇಳುವುದಿಲ್ಲ.

ನನ್ನನ್ನು ಕೇಳಿದ್ದರು.